ಬೆಳಗಾವಿಯ ಫ್ಲ್ಯಾಟು: ನಡು ಊರೋ, ಊರಂಚೋ?

ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದಲ್ಲಿ ಕಬ್ಬಿನ ಬಿಲ್ಲಿನಿಂದ ಉಳಿದ ಹಣ ಮೊದಲು ಹೊಲಕ್ಕೆ, ಆಮೇಲೆ ಎನ್‌ಎ (ಕೃಷಿಯೇತರ) ಪ್ಲಾಟಿಗೆ ಹೋಗುತ್ತದೆ. ಫ್ಲ್ಯಾಟಿನ ಮಾತು ಏಳುವುದು ಹೆಚ್ಚಾಗಿ ಮಕ್ಕಳ ಓದು ಬೆಳಗಾವಿಗೆ ಸಾಗಿದಾಗ. ಅಲ್ಲಿರುವ ದಾರಿ ಎರಡು: ರೈಲು ನಿಲ್ದಾಣಕ್ಕೆ ಹತ್ತಿರದ ಟಿಳಕವಾಡಿಯಲ್ಲಿ ತುಟ್ಟಿಯ ಫ್ಲ್ಯಾಟು, ಇಲ್ಲವೇ ಪೀರನವಾಡಿ, ಮಚ್ಛೆ, ಕಣಬರಗಿಯ ಕಡೆ ಅಗ್ಗದ್ದು.

ಪ್ಲಾಟು ಕೊಂಡು ರೂಢಿಯಿದ್ದವರು ಫ್ಲ್ಯಾಟಿನಲ್ಲಿ ಮೊದಲು ನೋಡಬೇಕಾದದ್ದು ನೆಲದ ಪಾಲು. ಹತ್ತು ಗುಂಟೆ ಎಂದರೆ 10,890 ಚದರಡಿ. ಅದರ ಮೇಲೆ ಒಂದೇ ಅಳತೆಯ 20 ಫ್ಲ್ಯಾಟು ಎದ್ದರೆ ಒಬ್ಬೊಬ್ಬರಿಗೆ ಸುಮಾರು 544 ಚದರಡಿ ಅವಿಭಜಿತ ಪಾಲು. ಕಟ್ಟಡ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ; ಬೆಲೆ ಏರಿದರೆ ಏರುವುದು ಈ ಪಾಲಿನದೇ. ನಡು ಊರಿನಲ್ಲಿ ಖಾಲಿ ನೆಲ ಸಿಗುವುದಿಲ್ಲವಾದ್ದರಿಂದ ಹಳೆಯ ಫ್ಲ್ಯಾಟಿಗೂ ಗಿರಾಕಿ ಇರುತ್ತಾನೆ. ಊರಂಚಿನಲ್ಲಿ ಪಕ್ಕದ ಹೊಲವೇ ನಾಳೆ ಹೊಸ ಅಪಾರ್ಟ್‌ಮೆಂಟ್ ಆಗಬಹುದು, ಆಗ ಹತ್ತು ವರ್ಷದ ಹಳೆಯದನ್ನು ಕೇಳುವವರು ಕಡಿಮೆ. ಖರೀದಿ ಪತ್ರದಲ್ಲಿ ಈ ಪಾಲು ಎಷ್ಟೆಂದು ಅಂಕಿಯಲ್ಲೇ ಬರೆದಿರಬೇಕು.

ಎರಡು ಕಡೆಯ ಬಾಡಿಗೆಯ ಲೆಕ್ಕ ಅಂದುಕೊಂಡಷ್ಟು ದೂರ ಇರುವುದಿಲ್ಲ. ಉದಾಹರಣೆಗೆ, ನಡು ಊರಿನ 50 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 12,000 ಬಾಡಿಗೆ, 2,000 ನಿರ್ವಹಣೆ, ವರ್ಷಕ್ಕೊಂದು ತಿಂಗಳು ಖಾಲಿ ಎಂದಿಟ್ಟರೆ ಕೈಗೆ ಬರುವುದು 1,08,000: ನೂರಕ್ಕೆ 2.16. ಊರಂಚಿನ 35 ಲಕ್ಷದ್ದಕ್ಕೆ 9,000 ಬಾಡಿಗೆ, 1,500 ನಿರ್ವಹಣೆ, ಎರಡು ತಿಂಗಳು ಖಾಲಿ ಎಂದರೆ 72,000: ನೂರಕ್ಕೆ 2.06. ಎರಡೂ ಬ್ಯಾಂಕಿನ ಠೇವಣಿಗಿಂತ ಕಡಿಮೆಯೇ. ಸಾಲ ಮಾಡಿ ಬಾಡಿಗೆಯಿಂದಲೇ ಕಂತು ತೀರಿಸುವ ಆಸೆ ಎರಡು ಕಡೆಯೂ ಸಲ್ಲದು. ಮಚ್ಛೆಯ ಬಾಡಿಗೆಗೆ ವಿಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಮತ್ತು ಉದ್ಯಮಬಾಗದ ಕಾರ್ಖಾನೆಗಳ ಆಸರೆಯಿದೆ; ಆದರೆ ಹಾಗೆ ಒಂದೆರಡು ಕಡೆಯ ಕೆಲಸವನ್ನೇ ನೆಚ್ಚಿದ ಬಡಾವಣೆ, ಆ ಕೆಲಸ ಕುಗ್ಗಿದೊಡನೆ ಖಾಲಿ ಬೀಳುತ್ತದೆ.

ನೋಂದಣಿಯಲ್ಲಿ ಊರಂಚಿಗೆ ಒಂದು ಲಾಭವಿದೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ, 45 ಲಕ್ಷದೊಳಗಿನ ಹೊಸ ಫ್ಲ್ಯಾಟಿನ ಮೊದಲ ಮಾರಾಟಕ್ಕೆ ಮುದ್ರಾಂಕ ಶುಲ್ಕ ಶೇ 3, 45 ಲಕ್ಷ ದಾಟಿದರೆ ಶೇ 5. ನೋಂದಣಿ ಶುಲ್ಕ ಮಾತ್ರ 2025ರ ಆಗಸ್ಟ್ 31ರಿಂದ ಎಲ್ಲಕ್ಕೂ ಶೇ 2.

ಕಾಗದಪತ್ರದ ಅಪಾಯ ಊರಂಚಿನಲ್ಲೇ ಹೆಚ್ಚು. ಹೊಲದ ಉತಾರದಿಂದ (ಪಹಣಿಯಿಂದ) ಎನ್‌ಎ ಆದೇಶದವರೆಗೆ ಸರಪಳಿ ತುಂಡಾಗಿರಬಾರದು. ಗ್ರಾಮ ಪಂಚಾಯಿತಿ ಗಡಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11-ಎ ಬೇಕು; ಬರೀ 11-ಬಿ ಇದ್ದರೆ ಆ ಆಸ್ತಿ ಅಧಿಕೃತವಲ್ಲ, ಕೊಳ್ಳದಿರುವುದೇ ಲೇಸು. ಎಂಟಕ್ಕಿಂತ ಹೆಚ್ಚು ಫ್ಲ್ಯಾಟಿನ, 500 ಚದರ ಮೀಟರ್ ಮೀರಿದ ಯೋಜನೆ 2016ರ ರೇರಾ ಕಾಯ್ದೆಯಡಿ ನೋಂದಾಯಿತವಾಗಿರಲೇಬೇಕು. ಕೊಳ್ಳುವವರು ಕೊಟ್ಟ ಹಣದಲ್ಲಿ ಶೇ 70ರಷ್ಟನ್ನು ಬಿಲ್ಡರ್ ಪ್ರತ್ಯೇಕ ಖಾತೆಯಲ್ಲಿಟ್ಟು, ಅದೇ ಯೋಜನೆಯ ನೆಲ ಮತ್ತು ಕಟ್ಟಡಕ್ಕೆ ಮಾತ್ರ ಬಳಸಬೇಕೆಂಬುದು ಆ ಕಾಯ್ದೆಯ ಕಟ್ಟಳೆ.

ಮಾರುವಾಗ 24 ತಿಂಗಳು ದಾಟಿದ್ದರೆ ಲಾಭದ ಮೇಲೆ ಶೇ 12.5 ತೆರಿಗೆ. ಅದಕ್ಕೂ ಮೊದಲೇ ಮಾರಿದರೆ ಲಾಭ ಆ ವರ್ಷದ ಆದಾಯಕ್ಕೆ ಸೇರಿ, ಅದರ ದರದಲ್ಲೇ ತೆರಿಗೆ ಬೀಳುತ್ತದೆ.