ಪರಿವರ್ತಕದ ಮಿತಿಯನ್ನು ಅರಿಯೋಣ
(ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ದೊಡ್ಡ ಅಣೆಕಟ್ಟಿಲ್ಲದೆಯೂ ಬೆಳಕು ಸಾಧ್ಯವೆಂಬುದನ್ನು ಮಲೆನಾಡಿನ ಹಳ್ಳಗಳ ಬದಿಯ ಕಿರು ಟರ್ಬೈನುಗಳು ತೋರಿಸಿಕೊಟ್ಟಿವೆ. ಒಂದು ಕಿಲೋವಾಟ್‌ನಷ್ಟು ವಿದ್ಯುತ್ತು ಒಂದು ಮನೆಯ ದೀಪ, ಫ್ಯಾನು, ಟಿ.ವಿ.ಗಳಿಗೆ ಸಾಕು. ಆದರೆ ಸ್ವಾವಲಂಬನೆಯೆಂದರೆ ಉತ್ಪಾದನೆ ಮಾತ್ರವಲ್ಲ. ಸುರಕ್ಷತೆಯ ಹೊಣೆಯೂ ನಮ್ಮದೇ ಆಗುತ್ತದೆ.

ಮನೆಯಲ್ಲಿ ತಯಾರಿಸುವ ಸಾಧನಗಳ ಹೃದಯವೇ ಪರಿವರ್ತಕ, ಅಂದರೆ ಟ್ರಾನ್ಸ್‌ಫಾರ್ಮರ್. ಅದರ ಮೇಲೆ 12 ವೋಲ್ಟ್, 5 ಆಂಪಿಯರ್ ಎಂದು ಬರೆದಿದ್ದರೆ ಅದರ ಸಾಮರ್ಥ್ಯ 60 ವೋಲ್ಟ್-ಆಂಪಿಯರ್. ಅದರಿಂದ 10 ಆಂಪಿಯರ್ ಎಳೆದರೂ ಅದು ಒಡನೆಯೇ ನಿಲ್ಲುವುದಿಲ್ಲ, ಅಪಾಯವಿರುವುದು ಅಲ್ಲಿಯೇ. ಸುರುಳಿಯ ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ತಂತಿಯ ನಿರೋಧಕ ಲೇಪ ಕ್ರಮೇಣ ಬೆಂದುಹೋಗಿ, 230 ವೋಲ್ಟಿನ ಸುರುಳಿಗೂ 12 ವೋಲ್ಟಿನ ಸುರುಳಿಗೂ ನಡುವಣ ತಡೆ ಮುರಿದರೆ, ಮಕ್ಕಳು ಮುಟ್ಟಿದರೂ ಭಯವಿಲ್ಲವೆಂದು ನಂಬಿದ ತಂತಿಯೇ ಪ್ರಾಣ ತೆಗೆಯಬಲ್ಲದು. ಮಳೆಗಾಲದ ಒದ್ದೆ ನೆಲದಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಡಯೋಡ್ ಹಾಗೂ ಕೆಪಾಸಿಟರ್ ಸೇರಿಸಿ ಏಕಮುಖ ವಿದ್ಯುತ್ ಪಡೆಯುವಾಗ ಮಿತಿ ಮತ್ತಷ್ಟು ಕುಗ್ಗುತ್ತದೆ. 5 ಆಂಪಿಯರಿನ ಪರಿವರ್ತಕದಿಂದ ಆಗ ಸುಮಾರು 3 ಆಂಪಿಯರ್ ಮಾತ್ರ ಪಡೆಯುವುದು ಕ್ಷೇಮ.

ಪರಿಹಾರಗಳು ಸರಳ. 230 ವೋಲ್ಟಿನ ಬದಿಯಲ್ಲಿ ಈ ಪರಿವರ್ತಕ ಪೂರ್ಣ ಹೊರೆಯಲ್ಲೂ ಎಳೆಯುವುದು ಕಾಲು ಆಂಪಿಯರಿನಷ್ಟೇ. ಆದುದರಿಂದ ಅಲ್ಲಿ ಅರ್ಧ ಆಂಪಿಯರಿನ ನಿಧಾನಗತಿಯ ಫ್ಯೂಸ್, 12 ವೋಲ್ಟಿನ ಬದಿಯಲ್ಲಿ 5 ಆಂಪಿಯರಿನ ಫ್ಯೂಸ್ ಇರಲಿ. ಫ್ಯೂಸ್ ಹೋದಾಗ ದಪ್ಪ ತಂತಿ ಕಟ್ಟುವುದೆಂದರೆ ಕಾವಲುಗಾರನನ್ನು ಕಳುಹಿಸಿಬಿಟ್ಟಂತೆ. ಗಾಳಿಯಾಡುವ ಲೋಹದ ಪೆಟ್ಟಿಗೆಯಲ್ಲಿ ಪರಿವರ್ತಕವನ್ನಿರಿಸಿ, ಪೆಟ್ಟಿಗೆಗೆ ತಪ್ಪದೆ ಅರ್ಥಿಂಗ್ ಮಾಡಿ.

ಟರ್ಬೈನ್ ಇರುವವರಿಗೆ ಇನ್ನೊಂದು ಮಾತು. ಹಲವು ಉಪಕರಣಗಳನ್ನು ಒಮ್ಮೆಲೇ ಆರಿಸಿದರೆ ಹೊರೆ ತಪ್ಪಿದ ಟರ್ಬೈನ್ ವೇಗವಾಗಿ ತಿರುಗಿ ವೋಲ್ಟೇಜ್ ಏರಬಹುದು. ಹೆಚ್ಚುವರಿ ವಿದ್ಯುತ್ತನ್ನು ಹೀಟರಿಗೆ ಹರಿಸುವ ನಿಯಂತ್ರಕ ಇಲ್ಲದೆ ಘಟಕವನ್ನು ನಡೆಸಬಾರದು.

ಊರಿನ ಟಿ.ಸಿ.ಗೂ ಇದೇ ನಿಯಮ. 25 ಕೆ.ವಿ.ಎ. ಸಾಮರ್ಥ್ಯದ ಟಿ.ಸಿ.ಯ ಮೇಲೆ 5 ಅಶ್ವಶಕ್ತಿಯ ಐದು ಪಂಪುಗಳು ಒಟ್ಟಿಗೆ ನಡೆದರೆ ಅದರ ಶಕ್ತಿ ಅಲ್ಲಿಗೇ ಮುಗಿಯಿತು. ಸರದಿಯಂತೆ ನೀರು ಹಾಯಿಸಿದರೆ ಎಲ್ಲರ ತೋಟವೂ ಉಳಿದೀತು, ಟಿ.ಸಿ.ಯೂ ಉಳಿದೀತು.

ಇನ್ನು ಮುಂದೆ ನೀವು ಕಟ್ಟುವ ಪ್ರತಿಯೊಂದು ಪೆಟ್ಟಿಗೆಯ ಮೇಲೂ ಅದು ಹೊರಬಲ್ಲ ಆಂಪಿಯರ್ ಎಷ್ಟೆಂದು ದಪ್ಪಕ್ಷರದಲ್ಲಿ ಕನ್ನಡದಲ್ಲಿ ಬರೆಯಿರಿ. ಕಟ್ಟಿದವರು ಊರಲ್ಲಿ ಇಲ್ಲದ ದಿನವೂ ಮನೆಯವರಿಗೆ ಅದು ತಿಳಿದಿರಬೇಕು.