ಸೂರು ಸೋರಿದಾಗ ಬಾಡಿಗೆದಾರರು ಏನು ಮಾಡಬಹುದು?
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಮಳೆಗಾಲದಲ್ಲಿ ನನ್ನ ಎಂಟನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಹೋಂವರ್ಕ್ ತೋರಿಸಲಿಲ್ಲ. ಗದರಿದಾಗ ನೀರು ಕುಡಿದು ಅಂಟಿಕೊಂಡಿದ್ದ ನೋಟ್‌ಬುಕ್ ತೆಗೆದಳು. ಹೇರೋಹಳ್ಳಿಯಲ್ಲಿ ಅವರಿರುವ ಬಾಡಿಗೆ ಮನೆಯ ಛಾವಣಿ ಎರಡು ವರ್ಷದಿಂದ ಸೋರುತ್ತಿದೆ. ಅಡುಗೆಮನೆಯಲ್ಲಿ ಗಾರೆ ಉದುರಿ ಕಂಬಿ ಕಾಣುತ್ತಿದೆ. "ಅಬ್ಬಾ ಹತ್ತು ಸಲ ಹೇಳಿದ್ದಾರೆ ಮಿಸ್. ಜಾಸ್ತಿ ಕೇಳಿದರೆ ಮನೆ ಖಾಲಿ ಮಾಡಿ ಅಂತಾರೆ" ಎಂದಳು.

ಈ ಭಯ ಸುಳ್ಳಲ್ಲ. ಕರಾರು ಇಲ್ಲದ ತಿಂಗಳ ಬಾಡಿಗೆಯನ್ನು 15 ದಿನದ ನೋಟಿಸು ಕೊಟ್ಟು ಮುಗಿಸಬಹುದು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲ ಎಂದು ನೀವು ಕೇಳಬಹುದು. ಆದರೆ ನಮ್ಮ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇಂದು ಅದಕ್ಕಿಂತ ಕಡಿಮೆಗೆ ಮನೆ ಎಲ್ಲಿ ಸಿಗುತ್ತದೆ?

ಹಾಗಾದರೆ ದಾರಿ ಯಾವುದು? 1882ರ ಕಾಯ್ದೆಯ 108ನೇ ಕಲಮಿನಲ್ಲಿ ಒಂದು ಹಕ್ಕಿದೆ. ಮಾಲೀಕರು ಮಾಡಬೇಕಾದ ರಿಪೇರಿಯನ್ನು, ನೋಟಿಸು ಕೊಟ್ಟ ಮೇಲೂ ಸಮಂಜಸ ಕಾಲದೊಳಗೆ ಮಾಡದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಅಥವಾ ಬೇರೆ ರೀತಿಯಲ್ಲಿ ವಸೂಲು ಮಾಡಬಹುದು. ಲೀಸ್ ಮನೆಯವರಿಗೆ ಮುರಿದುಕೊಳ್ಳಲು ತಿಂಗಳ ಬಾಡಿಗೆಯೇ ಇಲ್ಲ. ಅವರಿಗೆ ಈ ಎರಡನೆಯ ದಾರಿಯೇ ಗತಿ.

ಇಲ್ಲಿ "ಮಾಡಬೇಕಾದ" ಎಂಬ ಮಾತನ್ನು ಗಮನಿಸಿ. ಆ ಹೊಣೆ ಸಾಮಾನ್ಯವಾಗಿ ಕರಾರಿನಿಂದ ಬರುತ್ತದೆ. ನಮ್ಮ 11 ತಿಂಗಳ ಕರಾರುಪತ್ರಗಳಲ್ಲಿ ಅಡ್ವಾನ್ಸ್, ಬಾಡಿಗೆ, ಸುಣ್ಣಬಣ್ಣದ ಖರ್ಚು ಎಲ್ಲ ಇರುತ್ತದೆ. ಛಾವಣಿಯ ಮಾತು ಇರುವುದಿಲ್ಲ. ಮುಂದಿನ ಸಲ ಸಹಿ ಹಾಕುವ ಮುನ್ನ ಒಂದು ಸಾಲು ಸೇರಿಸಲು ಕೇಳಿ: "ಛಾವಣಿ, ಗೋಡೆ, ನೀರಿನ ಪೈಪು, ಚರಂಡಿ ಮತ್ತು ವೈರಿಂಗ್ ರಿಪೇರಿ ಮಾಲೀಕರದು." ಕೊಡುಕೊಳ್ಳುವ ಸಾಲವನ್ನು ಬರೆದಿಡಿ ಎಂದು ಸೂರಃ ಬಕರದ 282ನೇ ಆಯತ್ ನಮಗೆ ಕಲಿಸಿದೆ. ಮನೆಯ ವ್ಯವಹಾರದಲ್ಲಿ ಮಾತ್ರ ಬಾಯಿಮಾತು ಸಾಕೆಂದರೆ ಹೇಗೆ?

ಈಗಾಗಲೇ ಸೋರುತ್ತಿದ್ದರೆ ಫೋಟೋ ತೆಗೆಯಿರಿ. ದಿನಾಂಕ ಹಾಕಿ, ಮರ್ಯಾದೆಯ ಮಾತಿನಲ್ಲಿ ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಪ್ರತಿ ಮತ್ತು ರಸೀದಿ ಇಟ್ಟುಕೊಳ್ಳಿ. ಸಿಟ್ಟಿನಿಂದ ಬಾಡಿಗೆ ನಿಲ್ಲಿಸಬೇಡಿ. ತಪ್ಪು ನಿಮ್ಮ ತಲೆಗೇ ಬರುತ್ತದೆ. ಖರ್ಚು ಮುರಿದುಕೊಳ್ಳುವ ಮುನ್ನ ವಕೀಲರನ್ನು ಕೇಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಕಡಿಮೆ ಆದಾಯದವರಿಗೆ ಉಚಿತ ಕಾನೂನು ನೆರವು ಉಂಟು, ಸಹಾಯವಾಣಿ 15100. ದಾವೆ ಹೂಡುವ ಮೊದಲೇ ಇಬ್ಬರನ್ನೂ ಕರೆಸಿ ರಾಜಿ ಮಾಡಿಸುವ ಅವಕಾಶವೂ ಅಲ್ಲಿದೆ.

ಆ ಹುಡುಗಿಯ ಪತ್ರವನ್ನು ಅವಳಿಂದಲೇ ಬರೆಸಿದೆ, ಅವಳ ತಂದೆ ಸಹಿ ಹಾಕಿದರು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಮಾಲೀಕರು ಬಂದು ಛಾವಣಿ ಹತ್ತಿ ನೋಡಿದರು. ಕೆಲಸ ಇನ್ನೂ ಶುರುವಾಗಿಲ್ಲ. ಆದರೆ "ನೀವು ಹೇಳಲೇ ಇಲ್ಲ" ಎನ್ನಲು ಇನ್ನು ಅವರಿಗೆ ಆಗುವುದಿಲ್ಲ.

ವಿದ್ಯಾರ್ಥಿಗಳೇ, ಪತ್ರಲೇಖನದಲ್ಲಿ ನಿಮಗೆ ಐದು ಅಂಕ ಬಂದರೆ ಸಾಲದು. ಇಂದು ಮನೆಗೆ ಹೋಗಿ ನಿಮ್ಮ ಕರಾರುಪತ್ರವನ್ನು ತೆಗೆದು ಅಮ್ಮ ಅಬ್ಬಾಗೆ ಓದಿ ಹೇಳಿ.