ಡಿಸ್ಕ್ ತುಂಬಿತೆಂದು ಗಂಟೆಯ ತಂತಿ ಕತ್ತರಿಸಬೇಡಿ

(ದುಕ್ಮ್‌ನಲ್ಲಿ ಒಂದು ಶುಕ್ರವಾರ ಸಂಜೆ ನಮ್ಮ ವೇದಿಕೆಯ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣ ಮಾಡುವವನಲ್ಲ. ಹುಬ್ಬಳ್ಳಿಯ ಸರ್ಕಾರಿ ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿತು, ಟೆಸ್ಟರ್ ಹಿಡಿದುಕೊಂಡು ಇಲ್ಲಿಗೆ ಬಂದವನು. ಆದರೆ ಕ್ಯಾಂಪಿನಲ್ಲಿ ಒಂದು ನಂಬಿಕೆ ಇದೆ ನೋಡ್ರಿ, ಯಾವುದಕ್ಕೆ ವೈರ್ ಇದೆಯೋ ಅದೆಲ್ಲ ಎಲೆಕ್ಟ್ರಿಷಿಯನ್‌ಗೆ ಗೊತ್ತಿರುತ್ತೆ ಅಂತ. ಟಿವಿ ಕೆಟ್ಟರೂ ನಾನೇ, ಮೊಬೈಲ್ ಚಾರ್ಜ್ ಆಗದಿದ್ದರೂ ನಾನೇ, ಲ್ಯಾಪ್‌ಟಾಪ್ ನಿಂತರೂ ನಾನೇ. ಇಲ್ಲಿಂದ ಮಸ್ಕತ್ತಿಗೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಲ್ಯಾಪ್‌ಟಾಪ್ ರಿಪೇರಿಗೆ ಅಂತ ರೂವಿಗೆ ಹೋಗಿ ಬರಲು ಒಂದು ಶುಕ್ರವಾರ ಸಾಲುವುದಿಲ್ಲ. ಹಾಗಾಗಿ ಅರ್ಧಂಬರ್ಧ ಗೊತ್ತಿದ್ದವನೇ ಇಲ್ಲಿ ಡಾಕ್ಟರ್.

ಆ ಅರ್ಧಂಬರ್ಧ ವಿದ್ಯೆಯಿಂದ ನಾನು ಮಾಡಿದ ಒಂದು ತಪ್ಪನ್ನೇ ಇವತ್ತು ಹೇಳುತ್ತೇನೆ. ಅದರಿಂದ ನಷ್ಟ ಆಗಿದ್ದು ನನಗಲ್ಲ, ಬೇರೆಯವರಿಗೆ. ಅದಕ್ಕೇ ಹೇಳಬೇಕು ಅನಿಸಿತು.

ನನ್ನ ರೂಮಿನಲ್ಲಿ ಕೊಪ್ಪಳ ಕಡೆಯ ಒಬ್ಬ ಅಣ್ಣ ಇದ್ದರು. ಪೈಪ್ ಫಿಟ್ಟರ್. ಒಮ್ಮೆ ಮಸ್ಕತ್ತಿಗೆ ಹೋದಾಗ ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಂಡು ತಂದರು. 4 ಜಿಬಿ ರ‍್ಯಾಮ್, 128 ಜಿಬಿ ಡಿಸ್ಕ್. ಸಿನಿಮಾ ನೋಡುವುದು, ಮಗಳ ಫೋಟೋ ತುಂಬಿಡುವುದು, ಇಷ್ಟೇ ಅದರ ಕೆಲಸ ಅಂತ ನಾವು ತಿಳಿದಿದ್ದೆವು. ಆದರೆ ಅಣ್ಣ ಅದರಲ್ಲಿ ಇನ್ನೊಂದು ಕೆಲಸ ಮಾಡುತ್ತಿದ್ದರು. ಸ್ಟೋರ್ ಕೀಪರ್ ಹತ್ತಿರ ಎಕ್ಸೆಲ್ ಕಲಿತು, ದಿನಾ ರಾತ್ರಿ ತಮ್ಮ ಓಟಿ ಬರೆದಿಡುತ್ತಿದ್ದರು. ತಾರೀಖು, ಕೆಲಸ ಶುರುವಾದ ಹೊತ್ತು, ಮುಗಿದ ಹೊತ್ತು, ಹಗಲಿನ ಓಟಿ ಎಷ್ಟು, ರಾತ್ರಿಯದು ಎಷ್ಟು. ಹಗಲು ರಾತ್ರಿ ಬೇರೆ ಬೇರೆ ಯಾಕೆ ಅಂದರೆ, ಒಮಾನಿನ 2023ರ ಕಾರ್ಮಿಕ ಕಾನೂನಿನ ಪ್ರಕಾರ ಹಗಲಿನ ಓಟಿಗೆ ಮಾಮೂಲಿ ಗಂಟೆಯ ಕೂಲಿಯ ಮೇಲೆ ಕನಿಷ್ಠ 25 ಶೇಕಡಾ ಹೆಚ್ಚು, ರಾತ್ರಿಯದಕ್ಕೆ ಕನಿಷ್ಠ 50 ಶೇಕಡಾ ಹೆಚ್ಚು ಕೊಡಬೇಕು. ಗಂಟೆ ಬರೆದಿಡದವನಿಗೆ ಈ ಕಾನೂನಿದ್ದೂ ಉಪಯೋಗ ಕಡಿಮೆ.

ಒಂದು ದಿನ ಡ್ಯೂಟಿ ಮುಗಿಸಿ ಬಂದು ಕೂತಿದ್ದೆ. ಅಣ್ಣ ಕರೆದರು. "ತಮ್ಮಾ, ಇದು ಏನೋ ಒದರಾಕ ಹತ್ತೈತಿ, ಬಾ ನೋಡು." ನೋಡಿದರೆ ಪರದೆಯ ಮೂಲೆಯಲ್ಲಿ ಒಂದು ಚೀಟಿ, ಲೋ ಡಿಸ್ಕ್ ಸ್ಪೇಸ್. ಸಿ ಡ್ರೈವ್‌ನ ಪಟ್ಟಿ ಕೆಂಪಾಗಿದೆ. ಜಾಗದಲ್ಲಿ ಹತ್ತರಲ್ಲಿ ಒಂದು ಪಾಲೂ ಉಳಿಯದಿದ್ದರೆ ಆ ನೀಲಿ ಪಟ್ಟಿ ಕೆಂಪಾಗುತ್ತದೆ.

ನಾನು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಸಿ ಡ್ರೈವ್‌ನಲ್ಲಿ ಪೇಜ್‌ಫೈಲ್ ಅಂತ ಒಂದು ಅಡಗಿದ ಫೈಲ್ ಇರುತ್ತೆ, ಅದೇ ನಾಲ್ಕೈದು ಜಿಬಿ ತಿನ್ನುತ್ತೆ, ಅದನ್ನು ಬೇರೆ ಡ್ರೈವ್‌ಗೆ ಹಾಕಿ ಅಂತ ಹೇಳಿದ್ದರು. ಈ ಲ್ಯಾಪ್‌ಟಾಪಿನಲ್ಲಿ ಡಿ ಡ್ರೈವ್ ಕಂಡಿತು. ಅದರಲ್ಲಿ ಎರಡು ಜಿಬಿ ಚಿಲ್ಲರೆ ಖಾಲಿ ಇತ್ತು. ಪೇಜ್‌ಫೈಲನ್ನು ಸಿ ಇಂದ ತೆಗೆದು ಡಿಯಲ್ಲಿ 2000 ಎಂಬಿ ಅಂತ ಬರೆದು ಸೆಟ್ ಮಾಡಿದೆ. ರೀಸ್ಟಾರ್ಟ್. ಸಿ ಡ್ರೈವ್‌ಗೆ ನಾಲ್ಕು ಜಿಬಿ ವಾಪಸ್ ಬಂತು. ಅಣ್ಣ ಚಹಾ ಕುಡಿಸಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಪೇಜ್‌ಫೈಲ್ ಅಂದರೆ ಏನು? ನಾನು ಏಣಿ ಹತ್ತಿ ಕೆಲಸ ಮಾಡುವಾಗ ಸೊಂಟದ ಪೌಚಿನಲ್ಲಿ ಕಟಿಂಗ್ ಪ್ಲೇಯರ್, ಟೆಸ್ಟರ್, ಟೇಪು ಇಷ್ಟೇ ಹಿಡಿಸುತ್ತದೆ. ಕೈಗೆ ತಕ್ಷಣ ಸಿಗುತ್ತದೆ. ಅದೇ ರ‍್ಯಾಮ್. ಪೌಚು ತುಂಬಿದರೆ ಸದ್ಯ ಬೇಡದ್ದನ್ನು ಕೆಳಗಿರುವ ಟೂಲ್ ಬಾಕ್ಸಿಗೆ ಇಳಿಸುತ್ತೇನೆ, ಬೇಕಾದಾಗ ಇಳಿದು ತರುತ್ತೇನೆ. ಆ ಟೂಲ್ ಬಾಕ್ಸ್ ಪೇಜ್‌ಫೈಲ್. ಡಿಸ್ಕಿನ ಒಂದು ಮೂಲೆಯನ್ನು ವಿಂಡೋಸ್ ಅದಕ್ಕಾಗಿ ಹಿಡಿದಿಟ್ಟುಕೊಂಡಿರುತ್ತದೆ. ಏಣಿ ಹತ್ತಿ ಇಳಿಯಲು ಹೊತ್ತು ಹಿಡಿಯುತ್ತೆ, ಅದಕ್ಕೇ ರ‍್ಯಾಮ್ ಕಡಿಮೆ ಇದ್ದ ಲ್ಯಾಪ್‌ಟಾಪ್ ನಿಧಾನ. ಆದರೆ ಟೂಲ್ ಬಾಕ್ಸೇ ಇಲ್ಲದಿದ್ದರೆ? ಅಥವಾ ಅದೂ ತುಂಬಿದ್ದರೆ? ಕೈಯಲ್ಲಿ ಹಿಡಿದದ್ದು ಕೆಳಗೆ ಬೀಳುತ್ತದೆ. ಕಂಪ್ಯೂಟರಿನಲ್ಲಾದರೆ ತೆರೆದಿಟ್ಟ ಪ್ರೋಗ್ರಾಂ ಮುಚ್ಚಿಹೋಗುತ್ತದೆ, ಇಲ್ಲವೇ ಎಲ್ಲ ಹ್ಯಾಂಗ್ ಆಗುತ್ತದೆ.

ವಿಂಡೋಸಿಗೇ ಬಿಟ್ಟರೆ ಅದು ಅಗತ್ಯಕ್ಕೆ ತಕ್ಕಂತೆ ಪೇಜ್‌ಫೈಲನ್ನು ಹಿಗ್ಗಿಸುತ್ತೆ, ಕುಗ್ಗಿಸುತ್ತೆ. ರ‍್ಯಾಮ್‌ನ ಮೂರು ಪಟ್ಟು ಅಥವಾ 4 ಜಿಬಿ, ಯಾವುದು ಹೆಚ್ಚೋ ಅಲ್ಲಿಯ ತನಕ ಹೋಗಬಹುದು, ಆದರೆ ಆ ಡ್ರೈವ್‌ನ ಎಂಟನೇ ಒಂದು ಪಾಲನ್ನು ಸಾಮಾನ್ಯವಾಗಿ ಮೀರುವುದಿಲ್ಲ. ನಾನು ಮಾಡಿದ್ದೇನು? ಹಿಗ್ಗುವ ಬಾಕ್ಸನ್ನು ತೆಗೆದು, ಹಿಗ್ಗಲಾರದ ಸಣ್ಣ ಡಬ್ಬಿ ಇಟ್ಟೆ.

ಅಷ್ಟೇ ಅಲ್ಲ. ಮರುದಿನವೇ ಚೀಟಿ ಮತ್ತೆ ಬಂತು. ಈ ಸಲ ಡಿ ಡ್ರೈವ್‌ನದು. ಡಿ ಡ್ರೈವ್‌ನ ಹೆಸರು ನಾನು ಓದಿಯೇ ಇರಲಿಲ್ಲ. ಅಲ್ಲಿ ರಿಕವರಿ ಅಂತ ಬರೆದಿತ್ತು. ಅದು ನಮ್ಮ ಸಾಮಾನಿಡುವ ಕೋಣೆ ಅಲ್ಲ. ವಿಂಡೋಸ್ ಪೂರ್ತಿ ಕೆಟ್ಟಾಗ ಲ್ಯಾಪ್‌ಟಾಪನ್ನು ಹೊಸದಿದ್ದ ಸ್ಥಿತಿಗೆ ತರಲು ತಯಾರಕರು ಇಟ್ಟಿರುವ ಭಾಗ. ಅದನ್ನು ಮೊದಲೇ ಬಹುಪಾಲು ತುಂಬಿಯೇ ಕೊಟ್ಟಿರುತ್ತಾರೆ. ಅದರಲ್ಲಿದ್ದ ಎರಡು ಜಿಬಿಯನ್ನೂ ನಾನು ತಿಂದುಹಾಕಿದ್ದೆ.

ಚೀಟಿ ಮೇಲಿಂದ ಮೇಲೆ ಬರತೊಡಗಿತು. ಸಿನಿಮಾ ನೋಡುವಾಗಲೂ ಬಂತು. ಅಣ್ಣ ಬೇಸತ್ತು, "ಇದರ ಬಾಯಿ ಮುಚ್ಚಿಸಲ್ಲ ಮಾರಾಯ" ಅಂದರು. ಅದಕ್ಕೂ ವಿಡಿಯೋ ಸಿಕ್ಕಿತು. ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿದೆ. ಎಚ್ಚರಿಕೆ ನಿಂತಿತು. ಡಿ ಡ್ರೈವ್‌ನದು ಮಾತ್ರ ಅಲ್ಲ, ಎಲ್ಲ ಡ್ರೈವ್‌ಗಳದ್ದೂ.

ಇದನ್ನು ಹೇಳುವಾಗ ನನಗೆ ನಾಚಿಕೆಯಾಗುತ್ತೆ. ಯಾಕೆಂದರೆ ನನ್ನ ಕಸುಬಿನಲ್ಲಿ ಇದೇ ಕೆಲಸವನ್ನು ನಾನು ಯಾರಿಗೂ ಮಾಡಲು ಬಿಡುವುದಿಲ್ಲ. ಚಳಿಗಾಲದಲ್ಲಿ ಒಂದೇ ರೂಮಿನಲ್ಲಿ ಕೆಟಲ್, ಇಂಡಕ್ಷನ್ ಒಲೆ, ಹೀಟರ್ ಒಟ್ಟಿಗೆ ಹಾಕುತ್ತೀರಿ. ಎಂಸಿಬಿ ಟ್ರಿಪ್ ಆಗುತ್ತೆ. ಆಗ ನೀವೇ ನನಗೆ ಹೇಳುತ್ತೀರಿ, "ದೊಡ್ಡ ಎಂಸಿಬಿ ಹಾಕಿಬಿಡು" ಅಂತ. ನಾನು ಒಪ್ಪುವುದಿಲ್ಲ. ವೈರ್ ಅದೇ ಸಣ್ಣದು, ಎಂಸಿಬಿ ಮಾತ್ರ ದೊಡ್ಡದಾದರೆ ಗೋಡೆಯೊಳಗೆ ವೈರ್ ಸುಡುತ್ತೆ, ಹೊರಗೆ ಗೊತ್ತಾಗುವುದಿಲ್ಲ. ಟ್ರಿಪ್ ಆಗುವುದು ಎಂಸಿಬಿಯ ತಪ್ಪಲ್ಲ, ಅದರ ಕೆಲಸ. ಇಷ್ಟೆಲ್ಲ ಬುದ್ಧಿ ಹೇಳುವ ನಾನು ಅಣ್ಣನ ಲ್ಯಾಪ್‌ಟಾಪಿನಲ್ಲಿ ಗಂಟೆಯ ತಂತಿಯನ್ನೇ ಕತ್ತರಿಸಿದ್ದೆ.

ಮೂರ‍್ನಾಲ್ಕು ತಿಂಗಳು ಎಲ್ಲ ಶಾಂತ. ಒಳಗೆ ಸಿ ಡ್ರೈವ್ ಮೆಲ್ಲಗೆ ತುಂಬುತ್ತಿತ್ತು. ವಾಟ್ಸಾಪ್ ವಿಡಿಯೋ, ಸಿನಿಮಾ, ವಿಂಡೋಸ್ ಅಪ್‌ಡೇಟ್. ಒಂದು ರಾತ್ರಿ ಅಣ್ಣ ಓಟಿ ಬರೆದು ಸೇವ್ ಕೊಟ್ಟರು. ಹಿಂದೆ ಬ್ರೌಸರಿನಲ್ಲಿ ನಾಲ್ಕೈದು ಪುಟ ತೆರೆದಿತ್ತು, ಹಾಡು ಓಡುತ್ತಿತ್ತು. ಲ್ಯಾಪ್‌ಟಾಪ್ ಹ್ಯಾಂಗ್ ಆಯಿತು. ಹತ್ತು ನಿಮಿಷ ಕಾದು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರು. ಮರುದಿನ ಎಕ್ಸೆಲ್ ಫೈಲ್ ತೆರೆಯಲೇ ಇಲ್ಲ. ಫೈಲ್ ಹಾಳಾಗಿದೆ ಅಂತ ಬಂತು. ನಾನು ಗೊತ್ತಿದ್ದದ್ದೆಲ್ಲ ಮಾಡಿದೆ. ಆಗಲಿಲ್ಲ.

ಅದಾಗಿ ಎರಡೇ ವಾರಕ್ಕೆ ಅಣ್ಣನ ಕಾಂಟ್ರಾಕ್ಟ್ ಮುಗಿದು ಸೆಟಲ್‌ಮೆಂಟ್ ಕಾಗದ ಬಂತು. ಓಟಿ ಗಂಟೆ ಕಡಿಮೆ ತೋರಿಸಿದ್ದರು. ಯಾವ ಕಂಪನಿ ಅಂತ ಬೇಡ. ಅಣ್ಣನ ಪುಣ್ಯಕ್ಕೆ, ಹಿಂದೊಮ್ಮೆ ಹೆಂಡತಿಗೆ ತೋರಿಸಲಿಕ್ಕೆಂದು ಆ ಫೈಲನ್ನು ವಾಟ್ಸಾಪಿನಲ್ಲಿ ಕಳಿಸಿದ್ದರು. ಊರಿನಲ್ಲಿ ವೈನಿ ಅದನ್ನು ಅಳಿಸಿರಲಿಲ್ಲ. ಆ ತಾರೀಖಿನವರೆಗಿನ ಲೆಕ್ಕ ಇಟ್ಟು ಮಾತಾಡಿದಾಗ ಆಫೀಸಿನವರು ಟೈಮ್‌ಶೀಟ್ ತೆಗೆದು ನೋಡಿ ಸರಿ ಮಾಡಿಕೊಟ್ಟರು. ಆಮೇಲಿನ ನಾಲ್ಕು ತಿಂಗಳಿಗೆ ತೋರಿಸಲು ಏನೂ ಇರಲಿಲ್ಲ. ಅಣ್ಣನ ಅಂದಾಜಿಗೆ ಸುಮಾರು 110 ರಿಯಾಲ್. ಅದು ಬರಲಿಲ್ಲ.

ಅಣ್ಣ ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ನೀ ಬೇಕಂತ ಮಾಡಿದೇನು?" ಅಂದರು. ಬಸ್ ಹತ್ತುವಾಗ ಆ ಲ್ಯಾಪ್‌ಟಾಪನ್ನು ನನ್ನ ಕೈಗೇ ಕೊಟ್ಟು ಹೋದರು. ಈಗಲೂ ನನ್ನ ಹತ್ತಿರ ಇದೆ. ಅದರಲ್ಲೇ ಕೂತು ನಿಧಾನವಾಗಿ ಸರಿಯಾದ ದಾರಿ ಕಲಿತೆ. ಅದನ್ನು ಹೇಳುತ್ತೇನೆ, ಬರೆದುಕೊಳ್ಳಿ.

ಒಂದು. ಎಚ್ಚರಿಕೆ ಬಂದರೆ ಮೊದಲು ಯಾವ ಡ್ರೈವ್ ಅಂತ ಓದಿ. ರಿಕವರಿ ಅಂತ ಇದ್ದರೆ ಅದರಲ್ಲಿ ನಿಮ್ಮ ಫೋಟೋ, ಬ್ಯಾಕಪ್, ಪೇಜ್‌ಫೈಲ್ ಏನಾದರೂ ಬಂದು ಕೂತಿದೆಯೇ ನೋಡಿ, ಇದ್ದರೆ ಹೊರಗೆ ತನ್ನಿ. ಮೊದಲಿಂದ ಇರುವ ಫೈಲ್‌ಗಳನ್ನು ಮುಟ್ಟಬೇಡಿ. ಅಷ್ಟಾದರೂ ಚೀಟಿ ನಿಲ್ಲದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆ ಭಾಗದ ಅಕ್ಷರವನ್ನು ಮಾತ್ರ ತೆಗೆಯಬಹುದು. ಆಗ ಅದು ಕಣ್ಣಿಗೆ ಬೀಳುವುದಿಲ್ಲ, ಕೂಗುವುದೂ ಇಲ್ಲ, ಒಳಗಿನದು ಹಾಗೇ ಇರುತ್ತೆ. ಆದರೆ ಅಲ್ಲೇ ಹತ್ತಿರ ಡಿಲೀಟ್ ವಾಲ್ಯೂಮ್ ಅಂತಲೂ ಇರುತ್ತೆ. ಅದನ್ನು ಒತ್ತಿದರೆ ಹೋಯಿತು. ಕೈ ನಡುಗುವವರು ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಎರಡು. ಸಿ ಡ್ರೈವ್ ತುಂಬಿದ್ದರೆ ಪೇಜ್‌ಫೈಲಿಗೆ ಕೈ ಹಾಕುವ ಮೊದಲು ಕಸ ತೆಗೆಯಿರಿ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಈ ದಾರಿಯಲ್ಲಿ ಹೋದರೆ ಯಾವುದು ಎಷ್ಟು ಜಾಗ ತಿಂದಿದೆ ಅಂತ ಪಟ್ಟಿ ಬರುತ್ತೆ. ಟೆಂಪರರಿ ಫೈಲ್ಸ್ ತೆಗೆಯಬಹುದು. ಅಲ್ಲಿ ಡೌನ್‌ಲೋಡ್ಸ್ ಎದುರಿಗೆ ಟಿಕ್ ಇದೆಯೇ ಅಂತ ನೋಡಿಕೊಳ್ಳಿ. ನಮ್ಮವರು ಪಾಸ್‌ಪೋರ್ಟ್, ವೀಸಾ, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್‌ಗಳನ್ನು ಡೌನ್‌ಲೋಡ್ಸ್‌ನಲ್ಲೇ ಬಿಟ್ಟಿರುತ್ತಾರೆ. ರೀಸೈಕಲ್ ಬಿನ್ ಖಾಲಿ ಮಾಡುವುದನ್ನು ಮರೆಯಬೇಡಿ. ಅದು ತುಂಬಿದ್ದರೆ ಅಳಿಸಿದ್ದು ಇನ್ನೂ ಮನೆಯಲ್ಲೇ ಇದೆ ಅಂತ ಅರ್ಥ. ಸಿನಿಮಾಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸಿ.

ಇನ್ನೊಂದು ಮಾತು. 128 ಜಿಬಿ ಅಂತ ಕೊಂಡ ಡಿಸ್ಕಿನಲ್ಲಿ ವಿಂಡೋಸ್ 119 ಅಂತ ತೋರಿಸಿದರೆ ಅಂಗಡಿಯವನು ಮೋಸ ಮಾಡಿದ ಅಂತ ಜಗಳಕ್ಕೆ ಹೋಗಬೇಡಿ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತೆ. ಸಾಮಾನು ಒಂದೇ, ಸೇರು ಬೇರೆ.

ಮೂರು. ಪೇಜ್‌ಫೈಲನ್ನು ಸಾಧ್ಯವಾದಷ್ಟು ವಿಂಡೋಸಿಗೇ ಬಿಡಿ. ಲ್ಯಾಪ್‌ಟಾಪ್ ಒಳಗೆ ಎರಡನೇ ಡಿಸ್ಕ್ ನಿಜವಾಗಿ ಇದ್ದು, ಅದರಲ್ಲಿ ಜಾಗ ಧಾರಾಳ ಇದ್ದರೆ ಮಾತ್ರ ಅಲ್ಲಿಗೆ ಹಾಕಿ. ಒಂದೇ ಡಿಸ್ಕನ್ನು ಸಿ, ಡಿ ಅಂತ ಎರಡು ಪಾಲು ಮಾಡಿದ್ದರೆ, ಪೇಜ್‌ಫೈಲ್ ಡಿಗೆ ಹೋದಾಗ ಸಿ ಡ್ರೈವ್‌ಗೆ ಜಾಗ ಸಿಗುತ್ತೆ, ವೇಗ ಹೆಚ್ಚುವುದಿಲ್ಲ. ಒಂದೇ ರೂಮಿಗೆ ಪಾರ್ಟಿಷನ್ ಹಾಕಿದ ಹಾಗೆ, ಬಾಗಿಲು ಒಂದೇ. ಪೆನ್ ಡ್ರೈವ್‌ನಲ್ಲಿ ಇಡುವ ಯೋಚನೆಯೇ ಬೇಡ.

ಮಾಡಲೇಬೇಕಾದರೆ ದಾರಿ ಇದು. ಸ್ಟಾರ್ಟ್‌ನಲ್ಲಿ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್ ಅಂತ ಹುಡುಕಿ. ಪರ್ಫಾರ್ಮೆನ್ಸ್ ಕೆಳಗಿನ ಸೆಟ್ಟಿಂಗ್ಸ್, ಅದರಲ್ಲಿ ಅಡ್ವಾನ್ಸ್ಡ್, ಅದರಲ್ಲಿ ವರ್ಚುಯಲ್ ಮೆಮೊರಿ, ಚೇಂಜ್. ಮೇಲಿರುವ ಆಟೊಮ್ಯಾಟಿಕ್ ಟಿಕ್ ತೆಗೆಯಿರಿ. ಜಾಗ ಇರುವ ಡ್ರೈವ್ ಆರಿಸಿ, ಸಿಸ್ಟಮ್ ಮ್ಯಾನೇಜ್ಡ್ ಸೈಜ್ ಕೊಟ್ಟು, ಸೆಟ್ ಒತ್ತಿ. ಸೆಟ್ ಒತ್ತದೆ ಓಕೆ ಕೊಟ್ಟರೆ ಬದಲಾವಣೆ ಆಗುವುದಿಲ್ಲ, ಬಹಳ ಜನ ಇಲ್ಲೇ ತಪ್ಪುತ್ತಾರೆ. ಸಿ ಡ್ರೈವ್‌ನಲ್ಲಿ ಸಣ್ಣದೊಂದನ್ನು ಉಳಿಸಿ. ನೀಲಿ ಪರದೆ ಬಂದು ವಿಂಡೋಸ್ ಬಿದ್ದಾಗ ಯಾಕೆ ಬಿತ್ತು ಎಂಬ ದಾಖಲೆ ಬರೆದಿಡಲು ಅದು ಬೇಕಾಗುತ್ತೆ. ಕೊನೆಗೆ ರೀಸ್ಟಾರ್ಟ್. ನಾನು ಅಣ್ಣನ ಲ್ಯಾಪ್‌ಟಾಪಿನಲ್ಲಿ ಈಗ ಆ ಆಟೊಮ್ಯಾಟಿಕ್ ಟಿಕ್ ವಾಪಸ್ ಹಾಕಿದ್ದೇನೆ. ಡಿ ಡ್ರೈವ್ ತನ್ನಷ್ಟಕ್ಕೆ ಸುಮ್ಮನಾಯಿತು. ಎಚ್ಚರಿಕೆ ನಿಲ್ಲಿಸಿದ್ದ ಆ ಸಾಲನ್ನೂ ಅಳಿಸಿದೆ.

ನಾಲ್ಕು. ಡಿಸ್ಕಿನಲ್ಲಿ ಹತ್ತರಲ್ಲಿ ಒಂದು ಪಾಲಾದರೂ ಖಾಲಿ ಇರಲಿ. ಪಟ್ಟಿ ಕೆಂಪಾಗುವ ತನಕ ಕಾಯಬೇಡಿ.

ಐದು. ಇದು ಕಂಪ್ಯೂಟರಿನ ಮಾತಲ್ಲ, ಆದರೂ ಎಲ್ಲಕ್ಕಿಂತ ಮುಖ್ಯ. ಓಟಿ ಲೆಕ್ಕವನ್ನು ಒಂದೇ ಕಡೆ ಇಡಬೇಡಿ. ಇಪ್ಪತ್ತು ಪುಟದ ಒಂದು ನೋಟ್‌ಬುಕ್ ಸಾಕು. ದಿನಾ ಬರೆಯಿರಿ, ತಿಂಗಳ ಕೊನೆಗೆ ಫೋಟೋ ತೆಗೆದು ಮನೆಗೆ ಕಳಿಸಿ. ಮನೆಯವರಿಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ಅಳಿಸಬೇಡ ಅಂತ ಮಾತ್ರ ಹೇಳಿ. ವೈನಿಯ ಮೊಬೈಲ್ ಇರದಿದ್ದರೆ ಅಣ್ಣನ ಕೈಗೆ ಅಷ್ಟೂ ಬರುತ್ತಿರಲಿಲ್ಲ.

ಈಗ ಯಾರಾದರೂ ಲ್ಯಾಪ್‌ಟಾಪ್ ತಂದು "ಇದು ಕೂಗುವುದನ್ನು ನಿಲ್ಲಿಸು" ಅಂದರೆ, ಮೊದಲು ಕೂತು ಯಾಕೆ ಕೂಗುತ್ತಿದೆ ಅಂತ ಓದುತ್ತೇನೆ. ನೀವೂ ಹಾಗೇ ಮಾಡಿ. ಓದಲು ಬಾರದಿದ್ದರೆ ನನ್ನ ಹತ್ತಿರ ತನ್ನಿ. ಶುಕ್ರವಾರ ಮಧ್ಯಾಹ್ನದ ಮೇಲೆ ರೂಮಿನಲ್ಲೇ ಇರುತ್ತೇನೆ. ಚಹಾ ಈ ಸಲ ನನ್ನದೇ.